ಅಡುಗೆಕಟ್ಟೆಯ ಲೆಕ್ಕ

ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಿತ್ರರು ಕೇಳಿದಾಗ, ತವರಿನ ನೆನಪುಗಳನ್ನೇ ಬರೆದರಾಯಿತೆಂದು ನಾನು ಮೊದಲು ಭಾವಿಸಿದ್ದೆ. ಆದರೆ ಕಳೆದ ಚಳಿಗಾಲದಲ್ಲಿ ನಮ್ಮ ಮನೆಯಲ್ಲಿ ನಡೆದ ಒಂದು ಸಣ್ಣ ಪ್ರಸಂಗ ಮನಸ್ಸಿನಿಂದ ಸರಿಯಲೊಲ್ಲದು. ಅದೂ ಸ್ಮರಣೆಯ ಕಥೆಯೇ. ಯಂತ್ರದ ಸ್ಮರಣೆ ಎಂಬುದಷ್ಟೇ ವ್ಯತ್ಯಾಸ. ಸಮ್ಮೇಳನಕ್ಕೆ ಬಂದಿರುವ ಬಂಧುಗಳಲ್ಲಿ ಗಣಕಯಂತ್ರದ ಪಂಡಿತರು ಅನೇಕರಿದ್ದಾರೆ. ಗೃಹಿಣಿಯೊಬ್ಬಳು ಅವರ ಅಂಗಳಕ್ಕೆ ಕಾಲಿಟ್ಟಳೆಂದು ಅವರು ನಕ್ಕರೂ ಚಿಂತೆಯಿಲ್ಲ.

ನಾವು ನೆಲೆಸಿರುವ ನೇಸ್, ಐರ್ಲೆಂಡಿನ ಕಿಲ್ಡೇರ್ ಕೌಂಟಿಯ ಪಟ್ಟಣ. ಐರಿಷ್ ಭಾಷೆಯಲ್ಲಿ ಇದರ ಹೆಸರಿಗೆ ‘ರಾಜರು ಕೂಡುವ ತಾಣ’ ಎಂಬ ಅರ್ಥವಿದೆ. ಹೊರಗಿನವರಿಗೆ ಇದು ಸಮೀಪದ ಪಂಚಸ್‌ಟೌನ್‌ನ ಕುದುರೆ ಜೂಜಿನಿಂದ ಪರಿಚಿತ. ಇದೇ ಕೌಂಟಿಯ ಲೀಕ್ಸ್‌ಲಿಪ್‌ನಲ್ಲಿ 1989ರಲ್ಲಿಯೇ ಇಂಟೆಲ್ ಸಂಸ್ಥೆ ಕಾಲೂರಿತು. ಹಾಗೆಂದು ಅಲ್ಲಿಯ ಗಾಳಿ ನನಗೆ ಸೋಕಿತ್ತೆಂದು ಹೇಳುವಂತಿಲ್ಲ. ನಾನು ಮೈಸೂರಿನಲ್ಲಿ ಕನ್ನಡ, ಇತಿಹಾಸ, ಸಮಾಜಶಾಸ್ತ್ರಗಳನ್ನು ಓದಿ 1991ರಲ್ಲಿ ಬಿ.ಎ. ಪದವಿ ಪಡೆದವಳು. ಅದೇ ವರ್ಷ ಫಿನ್ಲೆಂಡಿನ ಲೈನಸ್ ಟೊರ್ವಾಲ್ಡ್ಸ್ ಎಂಬ ವಿದ್ಯಾರ್ಥಿ ಲಿನಕ್ಸ್ ಎಂಬುದನ್ನು ಲೋಕಕ್ಕೆ ಕೊಟ್ಟನೆಂಬುದು ನನಗೆ ತಿಳಿದದ್ದು ಐವತ್ತು ದಾಟಿದ ಮೇಲೆ.

ನಮ್ಮ ಮನೆಯ ಮೆಟ್ಟಿಲಿನ ಕೆಳಗಿನ ಕಪಾಟಿನಲ್ಲಿ ಒಂದು ಹಳೆಯ ಗಣಕಯಂತ್ರವಿದೆ. ಮಗ ಉದ್ಯೋಗಕ್ಕಾಗಿ ಕೆನಡಾಕ್ಕೆ ಹೊರಡುವ ಮುನ್ನ ಅದಕ್ಕೆ ಲಿನಕ್ಸ್ ತುಂಬಿ, ‘ಇದು ನಮ್ಮ ಮನೆಯ ಸರ್ವರ್ ಅಮ್ಮ’ ಎಂದು ಹೇಳಿ ಹೋಗಿದ್ದ. ಅದರಲ್ಲಿ ಇಪ್ಪತ್ತು ವರ್ಷಗಳ ಭಾವಚಿತ್ರಗಳಿವೆ. ಅವುಗಳ ಜೊತೆಗೆ ನನ್ನ ತಾಯಿಯ ಧ್ವನಿಯಿದೆ. ತೀರ್ಥಹಳ್ಳಿಯ ಕಡೆಯ ನಮ್ಮ ತವರುಮನೆಯಲ್ಲಿ 1994ರಲ್ಲಿ, ಮಳೆಗಾಲದ ಮಧ್ಯಾಹ್ನಗಳಲ್ಲಿ, ಟೂ-ಇನ್-ಒನ್ ಮುಂದೆ ಕುಳ್ಳಿರಿಸಿ ಹಾಡಿಸಿದ ಹಸೆಯ ಹಾಡು, ಆರತಿಯ ಹಾಡು, ಬೀಸುವ ಹಾಡುಗಳು, ಒಟ್ಟು 143. ಅಮ್ಮ 2009ರಲ್ಲಿ ತೀರಿಕೊಂಡರು. ಕ್ಯಾಸೆಟ್ಟುಗಳಿಗೆ ಬೂಷ್ಟು ಹಿಡಿದು ಅವೂ ಕೈಬಿಟ್ಟವು. ಅದೃಷ್ಟವಶಾತ್ ಅಷ್ಟರಲ್ಲಿ ಮಗ ಅವನ್ನು ಗಣಕಯಂತ್ರಕ್ಕೆ ಇಳಿಸಿದ್ದ. ಭಾನುವಾರ ಹನ್ನೊಂದೂವರೆಗೆ ಸುತ್ತಮುತ್ತಲ ಆರೇಳು ಮಕ್ಕಳು ಕನ್ನಡ ಕಲಿಯಲು ನಮ್ಮ ಮನೆಗೆ ಬರುತ್ತಾರೆ. ಅಮ್ಮನ ಹಾಡು ಕೇಳಿಸಿಯೇ ನಮ್ಮ ಪಾಠದ ಆರಂಭ.

ಕಳೆದ ನವೆಂಬರಿನಲ್ಲಿ ಹಾಡು ನಡುವೆಯೇ ನಿಲ್ಲತೊಡಗಿತು. ಯಂತ್ರವನ್ನು ಆರಿಸಿ ಹೊತ್ತಿಸಿದರೆ ಸರಿಹೋಗುವುದು. ಮುಂದಿನ ಭಾನುವಾರ ಮತ್ತೆ ಅದೇ ಗತಿ. ಮಗನಿಗೆ ದೂರವಾಣಿ ಮಾಡಿದೆ. ಅವನು ಅಲ್ಲಿಂದಲೇ ಯಂತ್ರದ ದಿನಚರಿಯನ್ನು ಓದಿ ಹೇಳಿದ: ‘ಸ್ಮೃತಿ ಸಾಲುತ್ತಿಲ್ಲ ಅಮ್ಮ. ಹಾಡುಗಳ ದತ್ತಾಂಶ ನೋಡಿಕೊಳ್ಳುವ ಪ್ರಕ್ರಿಯೆಯೇ ಎಲ್ಲಕ್ಕಿಂತ ದೊಡ್ಡದು. ಲಿನಕ್ಸ್ ಅದನ್ನೇ ಕೊಂದುಹಾಕುತ್ತಿದೆ. ಸದ್ಯಕ್ಕೆ ಹಾಡುಗಳನ್ನು ತೆಗೆದುಬಿಡು; ಕ್ಯಾಸೆಟ್ಟು ಇವೆಯಲ್ಲ.’ ಕ್ಯಾಸೆಟ್ಟು ಹಾಳಾದದ್ದನ್ನು ನಾನು ಅವನಿಗೆ ಹೇಳಿರಲಿಲ್ಲ. ಆ ರಾತ್ರಿ ಅಳಿಸುವ ಗುಂಡಿಯ ಮುಂದೆ ಬಹಳ ಹೊತ್ತು ಕುಳಿತಿದ್ದೆ. ಮಕ್ಕಳ ಪಾಠ ನಡೆಯಬೇಕು, ನಿಜ. ಆದರೆ ತಪ್ಪು ಯಾರದೆಂದು ಕಣ್ಣಾರೆ ನೋಡದೆ ತಾಯಿಯನ್ನು ಮನೆಯಿಂದ ಹೊರಗೆ ಕಳುಹಿಸಲು ನನ್ನ ಕೈ ಏಳಲಿಲ್ಲ.

ಮರುದಿನ ಮಗನಿಗೆ ಸಂಗತಿ ತಿಳಿಸಿ, ‘ಯಾರು ಎಷ್ಟು ತಿನ್ನುತ್ತಿದ್ದಾರೆಂದು ನಾನೇ ನೋಡುವುದು ಹೇಗೆ, ಕಲಿಸು’ ಎಂದೆ. ಅವನು ಕ್ಷಣಕಾಲ ಮೌನವಾಗಿದ್ದು, ಬಳಿಕ ಅಕ್ಷರ ಅಕ್ಷರವಾಗಿ ಹೇಳಿಕೊಟ್ಟ.

ಮೊದಲ ಪಾಠದಲ್ಲಿಯೇ ನನ್ನ ಅಜ್ಞಾನ ಬಯಲಾಯಿತು. ಹಾಡುಗಳು ಇರುವುದು ಡಿಸ್ಕಿನಲ್ಲಿ; ಕೊರತೆಯಾದದ್ದು ಸ್ಮೃತಿಯಲ್ಲಿ. ಡಿಸ್ಕು ಮನೆಯ ಅಟ್ಟದಂತೆ, ಸ್ಮೃತಿ ಅಡುಗೆಕಟ್ಟೆಯಂತೆ. ಅಟ್ಟದ ಮೇಲಿನ ಪಾತ್ರೆಗಳನ್ನು ಬಿಸಾಡಿದರೆ ಕೆಳಗಿನ ಕಟ್ಟೆ ಅಗಲವಾಗುವುದುಂಟೆ? ಹಾಡುಗಳ ತಂತ್ರಾಂಶವನ್ನು ನಿಲ್ಲಿಸಿದರೆ ಕಟ್ಟೆಯಲ್ಲಿ ಸ್ವಲ್ಪ ಜಾಗ ದೊರೆತೀತು; ಹಾಡುಗಳನ್ನು ಅಳಿಸಿದ್ದರಿಂದ ಏನೂ ದೊರೆಯುತ್ತಿರಲಿಲ್ಲ.

ಎರಡನೆಯ ಪಾಠ ‘ಫ್ರೀ’ ಎಂಬ ಆಜ್ಞೆ. ಅದನ್ನು ಬರೆದು, ಮುಂದೆ ಅಡ್ಡಗೆರೆ ಹಾಗೂ ‘ಎಚ್’ ಅಕ್ಷರ ಸೇರಿಸಿದರೆ ಸ್ಮೃತಿಯ ಲೆಕ್ಕ ಓದಲು ಬರುವ ಅಂಕಿಗಳಲ್ಲಿ ಮೂಡುತ್ತದೆ. ನಮ್ಮ ಯಂತ್ರಕ್ಕೆ 8 ಗಿಗಾಬೈಟ್ ಸ್ಮೃತಿ. ಎಲ್ಲವೂ ಸರಿಯಿದ್ದ ಹೊತ್ತಿನಲ್ಲೂ ಅದರಲ್ಲಿ ‘ಫ್ರೀ’ ಎಂಬ ಅಂಕಣದಲ್ಲಿ 300 ಮೆಗಾಬೈಟ್ ಮಾತ್ರ ಕಂಡು ನಾನು ಗಾಬರಿಯಾದೆ. ಮಗ ನಕ್ಕು, ‘ಅವೈಲಬಲ್ ಎಂಬ ಅಂಕಣ ನೋಡು’ ಎಂದ. ಅಲ್ಲಿ 5 ಗಿಗಾಬೈಟ್ ಇತ್ತು. ಲಿನಕ್ಸ್ ಜಾಣ ಗೃಹಿಣಿಯಂತೆ: ಕಟ್ಟೆ ಬರಿದಾಗಿದ್ದರೆ ಅಟ್ಟದಿಂದ ತಂದ ಸಾಮಾನನ್ನು, ಮತ್ತೆ ಬೇಕಾದೀತೆಂದು ಅಲ್ಲಿಯೇ ಇರಿಸಿಕೊಳ್ಳುತ್ತದೆ; ಯಾರಾದರೂ ಜಾಗ ಕೇಳಿದರೆ ಒಡನೆಯೇ ಸರಿಸಿಕೊಡುತ್ತದೆ. ತುಂಬಿದಂತೆ ಕಂಡ ಕಟ್ಟೆಯೆಲ್ಲ ತುಂಬಿದ್ದಲ್ಲ.

ಮೂರನೆಯದು ಮುಖ್ಯವಾದುದು. ‘ಪಿಎಸ್’ ಎಂದು ಬರೆದು, ಜಾಗ ಬಿಟ್ಟು ‘ಎಯುಎಕ್ಸ್’, ಮತ್ತೆ ಜಾಗ ಬಿಟ್ಟು ಎರಡು ಅಡ್ಡಗೆರೆ, ‘ಸಾರ್ಟ್’, ಸಮಚಿಹ್ನೆ, ಒಂದು ಅಡ್ಡಗೆರೆ, ಶೇಕಡಾ ಚಿಹ್ನೆ, ‘ಮೆಮ್’. ಆ ಒಂಟಿ ಅಡ್ಡಗೆರೆ ಇದ್ದರೆ ಹೆಚ್ಚು ತಿನ್ನುವವರು ಪಂಕ್ತಿಯಲ್ಲಿ ಮೊದಲು ಕೂರುತ್ತಾರೆ. ‘ಟಾಪ್’ ಎಂಬ ಇನ್ನೊಂದು ಆಜ್ಞೆ ಕೊಟ್ಟು ದೊಡ್ಡಕ್ಷರದ ‘ಎಂ’ ಒತ್ತಿದರೂ ಇದೇ ಕ್ರಮ. ಅಲ್ಲಿ ಅಂಕಿಗಳು ಕಣ್ಣೆದುರೇ ಬದಲಾಗುತ್ತಿರುತ್ತವೆ. ಪಟ್ಟಿಯಲ್ಲಿ ‘ವಿಎಸ್‌ಝಡ್’ ಎಂಬುದು ಕೇಳಿಟ್ಟ ಜಾಗ, ‘ಆರ್‌ಎಸ್‌ಎಸ್’ ಎಂಬುದು ನಿಜವಾಗಿ ಹಿಡಿದ ಜಾಗ. ಮದುವೆಮನೆಯ ಅಡಿಗೆಯವರು ಕೊಡುವ ಸಾಮಾನಿನ ಪಟ್ಟಿಗೂ ಒಲೆಗೆ ಏರಿದ ಸಾಮಾನಿಗೂ ಇರುವ ಅಂತರವನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಮುಂದಿನ ಭಾನುವಾರ ಬೆಳಿಗ್ಗೆ ಎಂಟಕ್ಕೆ ಕುಳಿತೆ. ಪಂಕ್ತಿಯ ತುದಿಯಲ್ಲಿ ಹಾಡುಗಳ ದತ್ತಾಂಶವೇ ಇತ್ತು: 900 ಮೆಗಾಬೈಟ್. ಮಗನ ಮಾತು ಸುಳ್ಳಾಗಿರಲಿಲ್ಲ. ಆದರೆ ಅದರ ಕೆಳಗೆ ಒಂದೇ ಹೆಸರಿನ ಒಂಬತ್ತು ಸಾಲುಗಳು, ಪ್ರತಿಯೊಂದೂ 180. ಹಾಲಿನ ಲೆಕ್ಕ ಬರೆಯುತ್ತಿದ್ದ ಅಭ್ಯಾಸದಂತೆ ಕ್ಯಾಲೆಂಡರಿನ ಹಿಂಬದಿಯಲ್ಲಿ ಗಂಟೆಗೊಮ್ಮೆ ಬರೆದಿಟ್ಟೆ. ಒಂಬತ್ತು ಗಂಟೆಗೆ ಪ್ರತಿಯೊಂದೂ 330, ಹತ್ತಕ್ಕೆ 480, ಹನ್ನೊಂದಕ್ಕೆ 620. ದತ್ತಾಂಶ ಮಾತ್ರ 900ರಿಂದ ಕದಲಿರಲಿಲ್ಲ. ಒಂಬತ್ತನ್ನೂ ಕೂಡಿದೆ: ಐದೂವರೆ ಗಿಗಾಬೈಟ್‌ಗೂ ಮಿಗಿಲು! ನಾನು ಕುರ್ಚಿಯಿಂದ ಎದ್ದೇಬಿಟ್ಟೆ.

ಅಡುಗೆಕಟ್ಟೆಯ ಮೇಲೆ ಒಂದು ದೊಡ್ಡ ಹಂಡೆ ತನ್ನಷ್ಟಕ್ಕೆ ತಾನಿದೆ. ಒಂಬತ್ತು ಚಿಕ್ಕ ಪಾತ್ರೆಗಳು ಗಂಟೆಗಂಟೆಗೂ ಉಬ್ಬುತ್ತಿವೆ. ಇನ್ನು ಕಾಲಿಡಲೂ ಜಾಗವಿಲ್ಲವೆಂದಾಗ ಬರುವ ಪಾರುಪತ್ಯಗಾರ ಪ್ರತಿ ಪಾತ್ರೆಯನ್ನೂ ಬೇರೆಬೇರೆಯಾಗಿ ಅಳೆದು, ದೊಡ್ಡದು ಇದೇ ಎಂದು ಹಂಡೆಯನ್ನೇ ಎತ್ತಿ ಎಸೆಯುತ್ತಾನೆ. ಲಿನಕ್ಸ್ ಮಾಡುತ್ತಿದ್ದುದು ಇದನ್ನೇ. ಯಾರದೋ ದುಡ್ಡು, ಯಲ್ಲಮ್ಮನ ಜಾತ್ರೆ!

ಆ ಒಂಬತ್ತು ಯಾರವು? ಅಕ್ಟೋಬರಿನಲ್ಲಿ ರಜೆಗೆ ಬಂದಿದ್ದ ಮಗನೇ ಹಾಕಿಹೋದ, ಭಾವಚಿತ್ರಗಳಲ್ಲಿ ಮುಖಗಳನ್ನು ಗುರುತಿಸುವ ತಂತ್ರಾಂಶದವು. ಭಾನುವಾರ ಬೆಳಗಾಗುತ್ತಲೇ ಅವು ಕೆಲಸಕ್ಕೆ ತೊಡಗಿ, ಹಿಡಿದ ಜಾಗವನ್ನು ಬಿಟ್ಟುಕೊಡದೆ ಬೆಳೆಯುತ್ತಿದ್ದವು. ವಿಷಯ ತಿಳಿಸಿದಾಗ ಮಗ ತಕ್ಷಣ ಒಪ್ಪಲಿಲ್ಲ. ‘ಒಂಬತ್ತೂ ಹಂಚಿಕೊಂಡ ಭಾಗವಿರುತ್ತದೆ ಅಮ್ಮ, ಹಾಗೆಲ್ಲ ಕೂಡಬಾರದು’ ಎಂದ. ಅದು ನ್ಯಾಯವೇ: ಒಂದೇ ಒರಳುಕಲ್ಲನ್ನು ಒಂಬತ್ತು ಸೊಸೆಯರು ತಮ್ಮ ತಮ್ಮ ಲೆಕ್ಕದಲ್ಲಿ ಬರೆದರೆ ಮನೆಯಲ್ಲಿ ಒಂಬತ್ತು ಒರಳು ಇದ್ದಂತಾಗುತ್ತದೆ. ‘ಎಸ್‌ಮೆಮ್’ ಎಂಬ ಸಾಧನ ಹಂಚಿಕೆಯ ಪಾಲನ್ನು ಸಮನಾಗಿ ಭಾಗಿಸಿ ತೋರಿಸುತ್ತದೆ. ಅದರಲ್ಲಿ ನೋಡಿದಾಗ ಮೊತ್ತ 5 ಗಿಗಾಬೈಟ್‌ಗೆ ಇಳಿಯಿತು; ಅಪರಾಧಿ ಬದಲಾಗಲಿಲ್ಲ. ಆ ಕಡೆಯಿಂದ ಮೆಲ್ಲಗೆ, ‘ತಪ್ಪು ನನ್ನದೇ ಅಮ್ಮ’ ಎಂಬ ಮಾತು ಬಂತು.

ನಿಲ್ಲಿಸುವ ಆಜ್ಞೆಯ ಹೆಸರು ‘ಕಿಲ್’. ಹೆಸರು ಘೋರವಾದರೂ ಬರಿಯ ‘ಕಿಲ್’ ಒಂದು ವಿನಂತಿ ಮಾತ್ರ: ಕೈಯಲ್ಲಿರುವುದನ್ನು ಮುಗಿಸಿ ಹೊರಡು ಎಂದಂತೆ. ಅದಕ್ಕೆ 9 ಎಂಬ ಅಂಕಿ ಸೇರಿಸಿದರೆ ಮಾತಿಲ್ಲದೆ ಹೊರದಬ್ಬಿದಂತೆ. ನಮಗೆ ವಿನಂತಿಯೇ ಸಾಕಾಯಿತು. ಬಳಿಕ ಮಗ ಒಂಬತ್ತರ ಬದಲು ಎರಡೇ ಪ್ರಕ್ರಿಯೆಗಳೆಂದು ನಿಗದಿಮಾಡಿ, ಇಂತಿಷ್ಟೇ ಸ್ಮೃತಿಯೆಂಬ ಮಿತಿಯನ್ನೂ ಹಾಕಿ, ಕೆಲಸವನ್ನು ನಡುರಾತ್ರಿಗೆ ಸರಿಸಿದ. ಹೊಸ ಸ್ಮೃತಿಗಾಗಿ ಒಂದು ಯೂರೋ ಖರ್ಚಾಗಲಿಲ್ಲ.

ಆ ಭಾನುವಾರ ಹಾಡು ನಡುವೆ ನಿಲ್ಲಲಿಲ್ಲ. ಅಮ್ಮನ ಧ್ವನಿಯ ಹಿಂದೆ ತೀರ್ಥಹಳ್ಳಿಯ ಮಳೆ ಸುರಿಯುತ್ತಿತ್ತು, ಕಿಟಕಿಯ ಹೊರಗೆ ನೇಸ್‌ನ ಮಳೆ. ಮಕ್ಕಳಲ್ಲಿ ಒಬ್ಬಳು, ‘ಆಂಟಿ, ಯಾವ ಮಳೆ ಯಾವುದು?’ ಎಂದು ಕೇಳಿದಳು. ನನಗೆ ಉತ್ತರಿಸಲಾಗಲಿಲ್ಲ.

ಸರ್ವರಿನ ವಿದ್ಯೆ ನನಗೆ ಬಂದಿತೆಂದು ಹೇಳಿಕೊಳ್ಳಲಾರೆ. ಬಂದದ್ದು ಇಷ್ಟೇ: ದೊಡ್ಡದಾಗಿ ಕಂಡದ್ದನ್ನು ದೂರುವ ಮೊದಲು ಬೆಳೆಯುತ್ತಿರುವುದು ಯಾವುದೆಂದು ನೋಡಬೇಕು, ಒಂದು ಸಲ ನೋಡಿ ತೀರ್ಮಾನಿಸದೆ ಗಂಟೆಗೊಮ್ಮೆ ನೋಡಬೇಕು, ಒಂದೊಂದನ್ನೇ ನೋಡದೆ ಕುಟುಂಬವನ್ನು ಕೂಡಿ ನೋಡಬೇಕು. ಪರದೇಶದ ಬದುಕಿನಲ್ಲಿ ಜಾಗ ಸಾಲದೆಂದು ನಾವು ಮೊದಲು ಕೈಹಾಕುವುದು ಹಳೆಯದಕ್ಕೇ ಅಲ್ಲವೆ? ಅದು ಮೂಲೆಯಲ್ಲಿ ದೊಡ್ಡ ಹಂಡೆಯಂತೆ ಕಾಣುತ್ತದೆ, ಸುಲಭವಾಗಿ ಕೈಗೆ ಸಿಗುತ್ತದೆ.

ಕೊನೆಯದಾಗಿ ಒಂದು ಕೋರಿಕೆ. ತಮ್ಮ ಮನೆಗಳಲ್ಲೂ ಹಿರಿಯರ ಧ್ವನಿಯ ಕ್ಯಾಸೆಟ್ಟುಗಳಿದ್ದರೆ ಬೂಷ್ಟು ಹಿಡಿಯುವ ಮುನ್ನ ಅವನ್ನು ಇಳಿಸಿಕೊಳ್ಳಿ. ಇಳಿಸಿದ ಮೇಲೆ ಒಂದೇ ಯಂತ್ರವನ್ನು ನಂಬಬೇಡಿ. ನಮ್ಮ 143 ಹಾಡುಗಳು ಈಗ ಮೂರು ಕಡೆ ಇವೆ: ನೇಸ್‌ನ ಕಪಾಟಿನಲ್ಲಿ, ಕೆನಡಾದ ಮಗನ ಮನೆಯಲ್ಲಿ, ಮೈಸೂರಿನ ನನ್ನ ತಮ್ಮನ ಬಳಿ.