ಕೋವಿಗಳ ಪರೀಕ್ಷಾಶಾಲೆ

ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರದ ಬ್ಯಾನ್‌ಬರಿ ಬೀದಿಯಲ್ಲಿ ಇಟ್ಟಿಗೆಯ ಕಟ್ಟಡವೊಂದರ ಬಾಗಿಲ ಮೇಲೆ ಆಯುಧರಾಶಿಯ ಶಿಲ್ಪವನ್ನು ಕಾಣುವೆವು. 1813ರಲ್ಲಿ ಪಾರ್ಲಿಮೆಂಟಿನ ಶಾಸನದಿಂದ ಸ್ಥಾಪಿತವಾದ ಪರೀಕ್ಷಾಶಾಲೆಯಿದು. ಇಲ್ಲಿ ನಳಿಗೆಗೆ ವಾಡಿಕೆಗಿಂತ ಬಲವಾದ ಮದ್ದನ್ನು ತುಂಬಿ ಹಾರಿಸುವರು. ಸೀಳದೆ, ಉಬ್ಬದೆ ಉಳಿದುದಕ್ಕೆ ಮಾತ್ರ ಮುದ್ರೆ.

ಅಜ್ಜನ ಕಾಲದ ಪಿಸ್ತೂಲಿಗೆ ಈ ಮುದ್ರೆಯೊಂದಿದ್ದರೆ ಸಾಲದೆ? ಸಾಲದು. ಅದು ಪರೀಕ್ಷೆಯ ದಿನಕ್ಕಷ್ಟೇ ಸಾಕ್ಷಿ. ಆಮೇಲೆ ತುಕ್ಕು ಎಷ್ಟು ತಿಂದಿತೆಂಬುದನ್ನು ಹೇಳಲಾರದು. ಬಾಯಿಂದ ಮದ್ದು ತುಂಬುವ ಪಿಸ್ತೂಲಾದರೆ, ಮೊದಲು ಬಾಯಿಗೆ ಎದುರು ನಿಲ್ಲದೆ ಒಳಗೆ ಕಡ್ಡಿಯಿಳಿಸಿ, ಹೊರಗಿನ ಉದ್ದದೊಡನೆ ಹೋಲಿಸತಕ್ಕದ್ದು. ಕಡ್ಡಿ ನಡುವೆಯೇ ನಿಂತರೆ ಹಳೆಯ ಮದ್ದುಗುಂಡು ಇನ್ನೂ ಒಳಗಿದ್ದೀತು! ಕರಿಮದ್ದಿಗೆಂದು ಪರೀಕ್ಷಿತವಾದ ನಳಿಗೆಗೆ ಹೊಗೆಯಿಲ್ಲದ ಹೊಸ ಮದ್ದನ್ನು ತುಂಬುವವನು ತನ್ನ ಕೈಯನ್ನೇ ಪಣವಿಡುವನು. ಮಿಕ್ಕುದನ್ನು ಬಲ್ಲ ಕೋವಿಗಾರನೇ ನೋಡಬೇಕು. ಮರುಪರೀಕ್ಷೆಗೂ ಇಲ್ಲಿ ಅವಕಾಶವುಂಟು; ನಳಿಗೆ ಆಗಲೇ ಒಡೆದರೆ ಅಜ್ಜನ ಆಸ್ತಿ ಅಲ್ಲಿಗೆ ತೀರಿತು.