ಸಪ್ತಮೀ ವಿಭಕ್ತಿ

ಮಕ್ಕಳಿಗೆ ವಿಭಕ್ತಿ ಪ್ರತ್ಯಯ ಕಲಿಸುವುದು ನನ್ನ ಸುಮಾರು ಮೂವತ್ತು ವರ್ಷಗಳ ಕಸುಬು. ಉ, ಅನ್ನು, ಇಂದ, ಗೆ, ದೆಸೆಯಿಂದ, ಅ, ಅಲ್ಲಿ ಎಂದು ನಾಲ್ಕು ದಿನ ರಾಗವಾಗಿ ಹೇಳಿಸಿಬಿಟ್ಟರೆ ಮಗ್ಗಿಯ ಹಾಗೆ ಬಾಯಿಗೆ ಬಂದುಬಿಡುತ್ತದೆ. ಅರ್ಥ ಆಮೇಲೆ ಎಂದಾದರೂ ಬರುತ್ತದೆ. ಸಪ್ತಮಿಗೆ ಒಂದು ಉದಾಹರಣೆ ಹೇಳಿ ಎಂದರೆ ಇಡೀ ತರಗತಿ 'ಊರಲ್ಲಿ' ಎಂದು ಕೂಗುತ್ತದೆ. ನನ್ನ ಊರಿನ ಮಟ್ಟಿಗೆ ಈ ಸಪ್ತಮಿ ಅಷ್ಟು ಸರಳವಲ್ಲ. ನಾನು ಹುಟ್ಟಿದಾಗ ಹರಪನಹಳ್ಳಿ ಬಳ್ಳಾರಿ ಜಿಲ್ಲೆಯಲ್ಲಿತ್ತು. 1997ರಲ್ಲಿ ದಾವಣಗೆರೆಯಲ್ಲಾಯಿತು, 2018ರಲ್ಲಿ ಮರಳಿ ಬಳ್ಳಾರಿಯಲ್ಲಾಯಿತು, 2021ರಿಂದ ವಿಜಯನಗರ ಜಿಲ್ಲೆಯಲ್ಲಿದೆ. ನಮ್ಮ ತವರುಮನೆ ಮಾತ್ರ ಕಟ್ಟಿದ ಜಾಗದಿಂದ ಒಂದು ಗೇಣೂ ಸರಿದಿಲ್ಲ!

ಹಡಗಲಿ, ಕೊಟ್ಟೂರು, ಕೂಡ್ಲಿಗಿ ಎಂದು ವರ್ಗವಾಗುತ್ತಾ ಈಗ ಹಗರಿಬೊಮ್ಮನಹಳ್ಳಿಯಲ್ಲಿ ನೆಲೆನಿಂತಿದ್ದೇನೆ. ಇಷ್ಟು ಊರುಗಳಲ್ಲಿ ಕಲಿಸಿದ ಆ 'ಅಲ್ಲಿ' ಎಂಬ ಪ್ರತ್ಯಯದ ಅರ್ಥ ನನಗೇ ಆದದ್ದು ಐವತ್ತು ದಾಟಿದ ಮೇಲೆ. ಅದೂ ಶಾಲೆಯಲ್ಲಲ್ಲ, ಅಡುಗೆಮನೆಯಲ್ಲಿ ಕುಳಿತು ಸತ್ಯವೇದ ಓದುವಾಗ.

ಸತ್ಯವೇದ ನಮ್ಮ ಮನೆಗೆ ಬಂದದ್ದು ಅಜ್ಜಿಯ ಕಾಲದಲ್ಲಿ. ಹಳ್ಳಿಹಳ್ಳಿಗೆ ನಡೆದುಬಂದು ಹೆಂಗಸರಿಗೆ ಓದು ಹೇಳಿಕೊಡುತ್ತಿದ್ದ ಸಭೆಯ ಒಬ್ಬ ಹೆಣ್ಣುಮಗಳ ಮುಂದೆ ಕುಳಿತು ಅಜ್ಜಿ ಅಕ್ಷರ ಕಲಿತಳು. ಅವಳಿಗೆ ಅದೇ ಬಾಲಬೋಧೆ, ಅದೇ ಪುರಾಣ, ಅದೇ ಕಾನೂನು ಪುಸ್ತಕ. ನಮ್ಮ ಕಡೆಯ ಎಷ್ಟೋ ಜನಕ್ಕೆ ತಿಳಿಯದ ಸಂಗತಿಯೊಂದಿದೆ. ಕನ್ನಡದ ಸತ್ಯವೇದದ ಕೆಲಸ ಶುರುವಾದದ್ದು ನಮ್ಮ ಬಳ್ಳಾರಿಯಲ್ಲೇ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು, ನಮ್ಮ ಭಾಷೆ ಕಲಿತು ಅನುವಾದಕ್ಕೆ ಕೈಹಾಕಿದರು. ಕನ್ನಡ ನಿಘಂಟು ಮಾಡಿದ ವಿಲಿಯಂ ರೀವ್ ಜೊತೆಗಿದ್ದರು. 1831ರ ಹೊತ್ತಿಗೆ ಇಡೀ ಗ್ರಂಥ ಕನ್ನಡದಲ್ಲಿ ಬಂದಿತ್ತು. ಮಂಗಳೂರಿನಲ್ಲಿ 1843ರಲ್ಲಿ ಹುಟ್ಟಿದ 'ಮಂಗಳೂರ ಸಮಾಚಾರ' ಮರುವರ್ಷ 'ಕನ್ನಡ ಸಮಾಚಾರ'ವಾಗಿ ಅಚ್ಚಾದದ್ದೂ ಬಳ್ಳಾರಿಯಲ್ಲಿಯೇ. ಎಲ್ಲಿಂದಲೋ ಬಂದ ಜನ ನಮ್ಮ ಬಿಸಿಲಲ್ಲಿ ಕುಳಿತು ಯಾವ ಮಾತಿಗೆ ಯಾವ ಪ್ರತ್ಯಯ ಹಚ್ಚಬೇಕೆಂದು ತಲೆ ಕೆಡಿಸಿಕೊಂಡಿರಬೇಕು ಎಂದು ನೆನೆದರೆ ನನ್ನಂಥ ವ್ಯಾಕರಣದ ಟೀಚರಿಗೆ ಅವರು ನೆಂಟರಂತೆ ತೋರುತ್ತಾರೆ.

ನನ್ನ ಓದು ಬೆಳಗಿನ ಐದು ಗಂಟೆಯದು. ಒಲೆಯ ಮೇಲೆ ಚಹದ ನೀರಿಟ್ಟು, ಒಂದು ಅಧ್ಯಾಯ ಓದಿ, ನೂರು ಪುಟದ ಒಂದು ನೋಟ್ ಪುಸ್ತಕದಲ್ಲಿ ಅಂದಿನ ತಾರೀಖು ಹಾಕಿ, ಹಿಂದಿನ ದಿನದ ಒಂದು ಉಪಕಾರ ಬರೆಯುತ್ತೇನೆ. ದೇವರ ಉಪಕಾರಗಳಲ್ಲಿ ಒಂದನ್ನೂ ಮರೆಯಬಾರದೆಂದು ದಾವೀದನು ತನ್ನ ಜೀವಕ್ಕೇ ಬುದ್ಧಿ ಹೇಳಿಕೊಳ್ಳುವ 103ನೆಯ ಕೀರ್ತನೆ ಓದಿದ ದಿನ ಶುರುವಾದ ಅಭ್ಯಾಸ ಅದು. ಹಳೆಯ ಪುಸ್ತಕಗಳನ್ನು ತೆರೆದರೆ ಈಗ ನಗು ಬರುತ್ತದೆ. 'ನಲ್ಲಿಯಲ್ಲಿ ನೀರು ಬಂತು.' 'ಹೊಲದ ಶೇಂಗಾಕ್ಕೆ ಮಳೆ ಹಿಡಿಯಿತು.' 'ಇನ್‌ಸ್ಪೆಕ್ಷನ್ನಿಗೆ ಬಂದವರು ನನ್ನ ತರಗತಿಗೆ ಬರಲಿಲ್ಲ.' ಎಲ್ಲವೂ ಚತುರ್ಥಿ. ನೀರಿಗೆ ಸ್ತೋತ್ರ, ಮಳೆಗೆ ಸ್ತೋತ್ರ, ತಪ್ಪಿಸಿಕೊಂಡಿದ್ದಕ್ಕೆ ಸ್ತೋತ್ರ. ಕಿರಾಣಿ ಅಂಗಡಿಯ ಖಾತೆಯ ಹಾಗೆ: ಬಂದ ಮಾಲಿಗೆ ಒಂದು ರಸೀದಿ.

2019ರ ಬೇಸಿಗೆಯಲ್ಲಿ ಆ ಖಾತೆ ನಿಂತುಹೋಯಿತು.

ನಮ್ಮವರು ಬೀಜದ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದರು. ವಸೂಲಿಗೆಂದು ಕೊಟ್ಟೂರಿಗೆ ಹೋದವರು ಬಸ್ ನಿಲ್ದಾಣದಲ್ಲಿಯೇ ಕುಸಿದುಬಿದ್ದರು. ಬಲಗೈ ಬಲಗಾಲು ಸತ್ತವು, ಮಾತು ನಿಂತಿತು. ಊರಲ್ಲಿದ್ದ ಮೈದುನ ಸುದ್ದಿ ತಿಳಿದು ಓಡಿಹೋಗಿ, ಅಲ್ಲಿಯ ಡಾಕ್ಟರು ಹೇಳಿದಂತೆ ಹರಪನಹಳ್ಳಿ ಮೇಲಿಂದ ದಾವಣಗೆರೆಗೆ ಕರೆದೊಯ್ದ. ನಾನು ಸೇರುವಷ್ಟರಲ್ಲಿ ಸೂಜಿಮದ್ದು ನಡೆಯುತ್ತಿತ್ತು. ಮಿದುಳಿನ ರಕ್ತನಾಳದಲ್ಲಿ ಹೆಪ್ಪು ಕಟ್ಟಿದರೆ ಅದನ್ನು ಕರಗಿಸುವ ಮದ್ದನ್ನು ನಾಲ್ಕೂವರೆ ಗಂಟೆಯೊಳಗೆ ಕೊಡಬೇಕಂತೆ. "ಟೈಮಿಗೆ ಸರಿಯಾಗಿ ತಂದೀರಿ, ಇಲ್ಲದಿದ್ದರೆ ಕಷ್ಟವಿತ್ತು" ಎಂದರು ಡಾಕ್ಟರು. ನನಗೆ ಕೇಳಿಸಿದ್ದು 'ಕಷ್ಟ' ಎಂಬ ಮಾತೊಂದೇ.

ಮನೆಗೆ ಬಂದ ಮೇಲೆ ನೋಡಲು ಬಂದವರೆಲ್ಲ ಒಳ್ಳೆಯವರೇ. ಹಣ್ಣು ತಂದರು, ಪ್ರಾರ್ಥನೆ ಮಾಡಿದರು. ಒಬ್ಬ ಹಿರಿಯರು ಮಾತ್ರ ಹೊರಡುವಾಗ, "ಇದಕ್ಕೂ ಸ್ತೋತ್ರ ಹೇಳಮ್ಮ, ವಿಶ್ವಾಸಿ ಅಂದ್ರೆ ಹಂಗಿರಬೇಕು" ಎಂದರು. ನಾನು ತಲೆಯಾಡಿಸಿದೆ. ಅವರು ಹೋದ ಮೇಲೆ ಒಳಗೆ ಹೋಗಿ ಅನ್ನ ಕಲಸಿ, ನಲವತ್ತು ವರ್ಷ ಲೆಕ್ಕ ಬರೆದ ಆ ಮನುಷ್ಯನ ಬಾಯಿಗೆ ತುತ್ತಿಟ್ಟೆ. ಅರ್ಧ ತುತ್ತು ಬಲಗಡೆಯ ತುಟಿಯಿಂದ ಜಾರಿ ಬಿತ್ತು. ಅವರು ನನ್ನ ಮುಖ ನೋಡದೆ ಗೋಡೆಯ ಕಡೆ ತಿರುಗಿದರು. ಇದಕ್ಕೆ ಸ್ತೋತ್ರವೇ? ಆ ರಾತ್ರಿ ನೋಟ್ ಪುಸ್ತಕವನ್ನು ಹಳೆಯ ಟ್ರಂಕಿನಲ್ಲಿ ಹಾಕಿ ಮುಚ್ಚಿದೆ. ಓದು ಬಿಡಲಿಲ್ಲ, ಬರೆಯುವುದನ್ನು ಬಿಟ್ಟೆ. ಒಂದು ಮಾತು ಮುಚ್ಚಿಡದೆ ಹೇಳುತ್ತೇನೆ. ದೇವರ ಮೇಲೆ ನನಗೆ ಸಿಟ್ಟಿತ್ತು. ಅದನ್ನು ಹೇಳಲು ಇಡೀ ಸಭೆಯಲ್ಲಿ ಒಬ್ಬರೂ ಇರಲಿಲ್ಲ.

ಐದಾರು ತಿಂಗಳು ಹೀಗೆ ಹೋದವು. ಓದುತ್ತಾ ಓದುತ್ತಾ ಥೆಸಲೋನಿಕದವರಿಗೆ ಪೌಲನು ಬರೆದ ಮೊದಲನೆಯ ಪತ್ರಿಕೆಗೆ ಬಂದೆ. ಪೌಲನ ಪತ್ರಗಳಲ್ಲೆಲ್ಲ ಬಹುಶಃ ಇದೇ ಹಳೆಯದೆಂದು ತಿಳಿದವರು ಹೇಳುತ್ತಾರೆ. ಓದಿಸಿಕೊಂಡವರಾದರೂ ಸುಖದಲ್ಲಿದ್ದವರಲ್ಲ, ಸ್ವಂತ ಊರಿನವರಿಂದಲೇ ಹಿಂಸೆ ಪಟ್ಟವರು, ಸತ್ತುಹೋದ ತಮ್ಮವರಿಗಾಗಿ ಅಳುತ್ತಿದ್ದವರು. ಕೊನೆಯ ಅಧ್ಯಾಯದಲ್ಲಿ ಕೃತಜ್ಞತೆಯ ಮಾತು ಬರುತ್ತದೆ. ನೂರು ಸಲ ಓದಿದ್ದು, ಬಾಯಿಪಾಠವಾದದ್ದು. ಅಂದು ಟೀಚರ ಕಣ್ಣು ಪ್ರತ್ಯಯದ ಮೇಲೆ ನಿಂತಿತು. ಅಲ್ಲಿ 'ಎಲ್ಲ' ಎಂಬುದಕ್ಕೆ ಹಚ್ಚಿದ್ದು 'ಕ್ಕೆ' ಅಲ್ಲ, 'ಅಲ್ಲಿ'. ಚತುರ್ಥಿಯಲ್ಲ, ಸಪ್ತಮಿ. ಬಂದದ್ದಕ್ಕೆಲ್ಲ ಸ್ತೋತ್ರ ಹೇಳೆಂದು ಅವನು ಕೇಳಲಿಲ್ಲ. ಬಂದದ್ದರ ನಡುವೆ ಇದ್ದುಕೊಂಡು ಹೇಳು ಎಂದ. ಲಕ್ವಕ್ಕೆ ಅಲ್ಲ, ಲಕ್ವ ಹೊಡೆದ ಈ ಮನೆಯಲ್ಲಿ.

ಒಲೆಯ ಮೇಲಿನ ಚಹ ಉಕ್ಕಿ ಹರಿಯಿತು. ನನಗೆ ಅಜ್ಜಿಯ ಸಪ್ಪೆಯ ನೆನಪು ಬಂತು.

ಅದು ಅವ್ವ ಹೇಳುತ್ತಿದ್ದ ಕಥೆ. ನಮ್ಮ ಸಭೆಯಲ್ಲಿ ಸುಗ್ಗಿ ಹಬ್ಬದ ದಿನ ಎಲ್ಲರೂ ಹೊಲದ ಮೊದಲ ಬೆಳೆ ತಂದು ದೇವರ ಮುಂದೆ ಇಡುತ್ತಾರೆ. ಜೋಳ, ಶೇಂಗಾ, ಕುಂಬಳಕಾಯಿ, ಒಮ್ಮೊಮ್ಮೆ ಕಾಲು ಕಟ್ಟಿದ ಕೋಳಿ. ಆರಾಧನೆ ಮುಗಿದ ಮೇಲೆ ಅವನ್ನು ಹರಾಜು ಹಾಕುತ್ತಾರೆ. 1972ರ ಬರಗಾಲದಲ್ಲಿ ಯಾರ ಹೊಲದಲ್ಲೂ ಏನೂ ಇರಲಿಲ್ಲ. ಅಜ್ಜಿ ಮೊರದಲ್ಲಿ ಒಣಗಿದ ಜೋಳದ ಸಪ್ಪೆ ನಾಲ್ಕು ದಂಟು ಇಟ್ಟುಕೊಂಡು ಹೋದಳಂತೆ. ಜನ ನಕ್ಕರಂತೆ. "ತೆನೀನ ಇಲ್ಲದ್ದು ಯಾಕ ತಂದಿ?" ಎಂದು ಕೇಳಿದ್ದಕ್ಕೆ, "ತೆನಿ ಬಂದಾಗ ತೆನಿ ತಂದೆ. ಬರ ಬಂದೈತಿ, ಬರದಾಗ ಬಂದೀನಿ" ಎಂದಳಂತೆ. ಶಾಲೆಯ ಮುಖ ಕಾಣದ ಅಜ್ಜಿಗೆ ಸಪ್ತಮೀ ವಿಭಕ್ತಿ ಗೊತ್ತಿತ್ತು. ಬಿ.ಎ., ಬಿ.ಎಡ್. ಮಾಡಿದ ನನಗೆ ಗೊತ್ತಿರಲಿಲ್ಲ.

ಟ್ರಂಕಿನಿಂದ ನೋಟ್ ಪುಸ್ತಕ ತೆಗೆದೆ. ಈಗ ಬರೆಯುವ ರೀತಿ ಬೇರೆಯಾಯಿತು. 'ರಾತ್ರಿ ಮೂರು ಸಲ ಎದ್ದೆ. ಮೂರನೆಯ ಸಲ ಅವರು ಎಡಗೈಯಿಂದ ನನ್ನ ಕೈ ಒತ್ತಿದರು.' 'ಶಾಲೆಯಲ್ಲಿ ಬಿಸಿಯೂಟದ ಅಡುಗೆಯವ್ವ ಕೇಳದೆಯೇ ಡಬ್ಬಿಗೆ ಸಾರು ತುಂಬಿಕೊಟ್ಟಳು.' ಕಷ್ಟವನ್ನೂ ಬರೆದೆ, ಅದರ ಬದಿಗೆ ಕಂಡದ್ದನ್ನೂ ಬರೆದೆ. ಒಂದು ಇನ್ನೊಂದನ್ನು ಅಳಿಸಲಿಲ್ಲ.

ಮುಂದೆ 2020, 2021ರ ಕೊರೋನಾ ವರ್ಷಗಳು. ಶಾಲೆ ಮುಚ್ಚಿದ ಆ ದಿನಗಳಲ್ಲಿ ಲೂಕನ ಸುವಾರ್ತೆಯನ್ನು ನಿಧಾನವಾಗಿ ಓದಿದೆ. ಹದಿನೇಳನೆಯ ಅಧ್ಯಾಯದಲ್ಲಿ ಹತ್ತು ಮಂದಿ ಕುಷ್ಠರೋಗಿಗಳ ಸಂಗತಿ ಬರುತ್ತದೆ. ಹತ್ತೂ ಜನಕ್ಕೆ ದಾರಿಯಲ್ಲಿಯೇ ವಾಸಿಯಾಗುತ್ತದೆ. ಒಬ್ಬ ಮಾತ್ರ ತಿರುಗಿ ಬಂದು ಯೇಸುವಿನ ಕಾಲಿಗೆ ಬೀಳುತ್ತಾನೆ. ಅವನೋ, ಯೆಹೂದ್ಯರು ಹತ್ತಿರ ಸೇರಿಸದ ಸಮಾರ್ಯದವನು. ಮಿಕ್ಕ ಒಂಬತ್ತು ಮಂದಿ ಎಲ್ಲಿ ಎಂದು ಯೇಸು ಕೇಳುತ್ತಾನೆ. ಭಾನುವಾರದ ಶಾಲೆಯ ಮಕ್ಕಳಿಗೆ ಈ ಕಥೆ ಹೇಳುವಾಗಲೆಲ್ಲ ನಾನು ಆ ಒಬ್ಬನ ಪಕ್ಷದಲ್ಲಿ ನಿಂತು ಹೇಳಿದವಳು. ಈ ಸಲ ಹಾಗಾಗಲಿಲ್ಲ. ಮೈದುನ ಹಿಂದೆ ಹೇಳಿದ್ದ ಮಾತೊಂದು ಎದ್ದು ಕುಳಿತಿತು: "ನಾ ಹೋಗೂದ್ರಾಗ ಹೂವಿನಾಕಿ ಒಬ್ಬಾಕಿ ಅಣ್ಣನ ತಲಿ ತೊಡಿಮ್ಯಾಲ ಇಟ್ಕಂಡು ಕುಂತಿದ್ಲು, ವೈನೀ. ಫೋನ್ ಹಚ್ಚಿಸಿದಾಕಿ ಆಕೀನ. ಆಟೋದವಗ ರೊಕ್ಕಾನೂ ಆಕೀನ ಕೊಟ್ಲು."

ಡಾಕ್ಟರು ಹೇಳಿದ 'ಟೈಮಿಗೆ ಸರಿಯಾಗಿ' ಎಂಬ ಮಾತು ಆಗ ಕೇಳಿಸಿತು, ಎರಡು ವರ್ಷ ತಡವಾಗಿ. ಆ ಟೈಮನ್ನು ಉಳಿಸಿಕೊಟ್ಟವಳು ಅವಳು. ನೋಟ್ ಪುಸ್ತಕದಲ್ಲಿ ದೇವರಿಗೆ ಅಷ್ಟೆಲ್ಲ ಬರೆದ ನಾನು ಅವಳ ಹೆಸರನ್ನೂ ಕೇಳಿರಲಿಲ್ಲ. ಒಂಬತ್ತು ಮಂದಿಯಲ್ಲಿ ನಾನೂ ಒಬ್ಬಳು.

2022ರ ಬೇಸಿಗೆ ರಜೆಯಲ್ಲಿ ಕೊಟ್ಟೂರಿಗೆ ಹೋದೆ. ಬಸ್ ನಿಲ್ದಾಣದ ಹೊರಗೆ ನಾಲ್ಕೈದು ಹೂವಿನ ಬುಟ್ಟಿಗಳು. ಹಡಗಲಿ ಮಲ್ಲಿಗೆಯ ಕಾಲ. ಬಿಸಿಲಿಗೂ ಬಾಡದ ಆ ವಾಸನೆ ರಸ್ತೆಯ ಧೂಳಿನಲ್ಲೂ ತಿಳಿಯುತ್ತಿತ್ತು. ಇಬ್ಬರನ್ನು ಕೇಳಿದೆ, ಮೂರನೆಯವಳು ಕೈ ತೋರಿಸಿದಳು. ಗೋಡೆಯ ನೆರಳಿನಲ್ಲಿ ಕುಳಿತು ಹೂ ಕಟ್ಟುತ್ತಿದ್ದ, ಹಣೆಗೆ ವಿಭೂತಿ ಇಟ್ಟ, ನನಗಿಂತ ಹಿರಿಯಳಾದ ಒಬ್ಬ ಹೆಂಗಸು. ನಡೆದದ್ದನ್ನು ನೆನಪಿಸಿದೆ. ಅವಳ ಬೆರಳು ನಿಂತವು.

"ಬಿಳಿ ಅಂಗಿ. ಚೀಲ ಬಿಗಿಯಾಗಿ ಹಿಡ್ಕಂಡಿದ್ರು. ಬದುಕ್ಯಾರೇನವ್ವ?"

"ಬದುಕ್ಯಾರ. ಕೋಲು ಹಿಡಿದು ಅಂಗಳದ ತನಕ ನಡೀತಾರ. ಎರಡು ಮೂರು ಮಾತೂ ಬರತಾವ."

"ಅಯ್ಯ, ನಮ್ಮ ಕೊಟ್ರಯ್ಯ ದೊಡ್ಡಾವ!" ಎಂದು ಗುಡಿಯ ದಿಕ್ಕಿಗೆ ಕೈಮುಗಿದಳು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು ಹೇಳಿದಳು: "ಮೂರು ವರ್ಷಾತು. ಆ ಮನುಷ್ಯ ಏನಾದ್ನೋ ಅಂತ ಈ ಜಾಗದಾಗ ಕುಂತಾಗೆಲ್ಲ ನೆನಪಾಗೂದು. ಯಾರನ್ನ ಕೇಳ್ಲಿ? ಯಾರೂ ಬಂದು ಹೇಳ್ಲಿಲ್ಲ."

ನಾನು ತಲೆ ತಗ್ಗಿಸಿದೆ. ಕೃತಜ್ಞತೆ ಎಂದರೆ ಋಣ ತೀರಿಸುವುದು ಎಂದುಕೊಂಡು ಒಂದು ಲಕೋಟೆಯಲ್ಲಿ ಹಣ ಇಟ್ಟುಕೊಂಡು ಹೋಗಿದ್ದೆ. ಅವಳು ಕಾಯುತ್ತಿದ್ದುದು ಹಣಕ್ಕಲ್ಲ, ಒಂದು ಸುದ್ದಿಗೆ. ಸಮಾರ್ಯದವನು ತಿರುಗಿ ಹೋದದ್ದಾದರೂ ಕೈಯಲ್ಲಿ ಏನು ಹಿಡಿದುಕೊಂಡು? ವಾಸಿಯಾದ ತನ್ನ ಮೈಯನ್ನು ತೋರಿಸಲಿಕ್ಕೆ ಹೋದ.

ಆದರೂ ಲಕೋಟೆ ಮುಂದೆ ಹಿಡಿದೆ. ಅವಳು ಕೈ ಹಿಂದೆ ತೆಗೆದುಕೊಂಡಳು. "ಇದನ್ನ ತಗಂಡ್ರ ಅವತ್ತು ಮಾಡಿದ್ದು ವ್ಯಾಪಾರ ಆಕ್ಕೈತವ್ವ. ಹೂವು ಬೇಕಂದ್ರ ತಗೋ, ಅದು ವ್ಯಾಪಾರ." ಎರಡು ಮೊಳ ಕೊಂಡೆ. ಅಳೆಯುವಾಗ ಮೂರಾಗಿಸಿ ಕೊಟ್ಟಳು. ಲೂಕನ ಹತ್ತನೆಯ ಅಧ್ಯಾಯದಲ್ಲಿ ಇನ್ನೊಬ್ಬ ಸಮಾರ್ಯದವನಿದ್ದಾನೆ. ದಾರಿಯಲ್ಲಿ ಬಿದ್ದವನನ್ನು ಎತ್ತಿ, ಛತ್ರದವನಿಗೆ ತನ್ನ ಕೈಯಿಂದ ಹಣ ಕೊಟ್ಟು ಹೋದವನು. ಅವನ ಊರು ಹೆಸರು ನನಗೆ ಗೊತ್ತಿಲ್ಲ. ಆದರೆ ಅವನು ಹೇಗೆ ಕಂಡಿರಬಹುದೆಂದು ಈಗ ಗೊತ್ತು. ಹೂವಿನ ಬುಟ್ಟಿಯ ಹಿಂದೆ, ವಿಭೂತಿ ಇಟ್ಟುಕೊಂಡು ಕುಳಿತಿದ್ದ.

ಮನೆಗೆ ಬಂದು ಹೂವನ್ನು ನಮ್ಮವರ ಕೈಗಿಟ್ಟು ಎಲ್ಲವನ್ನೂ ಹೇಳಿದೆ. ಬಹಳ ಹೊತ್ತು ಮೂಸುತ್ತಾ ಕುಳಿತಿದ್ದರು. ಈಗ ಕೊಟ್ಟೂರಿನ ಕಡೆ ಹೋದಾಗಲೆಲ್ಲ ಅವಳ ಹತ್ತಿರ ಐದು ನಿಮಿಷ ಕುಳಿತು ಸುದ್ದಿ ಹೇಳಿ ಬರುತ್ತೇನೆ. ಅವಳೂ ತನ್ನ ಮೊಮ್ಮಕ್ಕಳ ಸುದ್ದಿ ಹೇಳುತ್ತಾಳೆ.

ಸತ್ಯವೇದ ಬಲ್ಲವರು ನನ್ನನ್ನು ಒಂದು ಪ್ರಶ್ನೆ ಕೇಳಬಹುದು. ಅದೇ ಪೌಲನ ಹೆಸರಿನಲ್ಲಿರುವ ಎಫೆಸದವರ ಪತ್ರಿಕೆಯ ಐದನೆಯ ಅಧ್ಯಾಯದಲ್ಲಿ ಎಲ್ಲದಕ್ಕೋಸ್ಕರವೂ ಸ್ತೋತ್ರ ಹೇಳುವ ಮಾತಿದೆಯಲ್ಲ, ಅದು ಚತುರ್ಥಿಯಲ್ಲವೇ ಎಂದು. ಹೌದು, ಇದೆ. ನಾನು ನೋಡಿದ್ದೇನೆ. ಆ ಪುಟದಲ್ಲಿ ಒಂದು ಕಾಗದದ ಗುರುತು ಇಟ್ಟಿದ್ದೇನೆ. ಅಲ್ಲಿಯ ತನಕ ನಾನಿನ್ನೂ ತಲುಪಿಲ್ಲ, ತಲುಪಿದಂತೆ ನಟಿಸುವುದೂ ಇಲ್ಲ. ಸಪ್ತಮಿಯ ಪಾಠವೇ ಮುಗಿದಿಲ್ಲ.

ಇಂದಿನ ತಾರೀಖಿನ ಕೆಳಗೆ ಬರೆದದ್ದು ಇಷ್ಟು: 'ರಾತ್ರಿಯಿಡೀ ಕರೆಂಟಿರಲಿಲ್ಲ, ಸೆಕೆ. ನಿದ್ದೆಯಿಲ್ಲ. ಬೆಳಿಗ್ಗೆ ಅವರು ಎಡಗೈಯಿಂದ ತಾವೇ ರೊಟ್ಟಿ ಮುರಿದರು, ಮೊದಲ ಚೂರು ನನ್ನ ಕಡೆ ಚಾಚಿದರು.'