ಅಡುಗೆಮನೆ ಮೂಲೆಯ ಅಣಬೆ

ಅಪ್ಪ ಹೋದ ಮೇಲೆ ಅಮ್ಮ ಅಣಬೆ ಬೇಯಿಸಿರಲಿಲ್ಲ. ಊರಲ್ಲಿ ಗುಡುಗು ಮಳೆ ಬಿದ್ದ ಮೇಲೆ ಹುತ್ತದ ಬದಿಯಿಂದ ಆರಿಸಿ ತರ್ತಿದ್ದವರು ಅಪ್ಪ. ಬೆಂಗಳೂರಿನ ಅಂಗಡಿಯಿಂದ ಬಟನ್ ಅಣಬೆ ತಂದರೆ, "ಇದಕ್ಕೆ ವಾಸನೆಯೇ ಇಲ್ವಲ್ಲೋ" ಅಂತ ಪಕ್ಕಕ್ಕಿಡ್ತಿದ್ದಳು.

ಹುತ್ತದ ಅಣಬೆಗೆ ಗೆದ್ದಲೇ ಬೇಕು, ಫ್ಲ್ಯಾಟಲ್ಲಿ ಬೆಳೆಯೋದಿಲ್ಲ. ಹಾಗಾಗಿ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯಿಂದ ಚಿಪ್ಪಣಬೆ ಬೀಜ ತಂದೆ. ಭತ್ತದ ಹುಲ್ಲು ಕತ್ತರಿಸಿ, ರಾತ್ರಿಯಿಡೀ ನೆನೆಸಿ, ಕುದಿಸಿ, ಆರಿಸಿ, ಪ್ಲಾಸ್ಟಿಕ್ ಚೀಲಕ್ಕೆ ಒಂದು ಪದರ ಹುಲ್ಲು, ಒಂದು ಹಿಡಿ ಬೀಜ... ಅವಸರದಲ್ಲಿ ನೀರು ಸರಿಯಾಗಿ ಬಸಿದಿರಲಿಲ್ಲ. ವಾರದೊಳಗೆ ಹಸಿರು ಬೂಷ್ಟು! ಬಿಚ್ಚದೆ ಎಸೆದೆ. ಹೆಂಡತಿಯ ಮುಖ ನೀವೇ ಊಹಿಸಿಕೊಳ್ಳಿ :)

ಎರಡನೇ ಸಲ ಹುಲ್ಲು ಹಿಂಡಿ ನೋಡಿದೆ. ಕೈ ಒದ್ದೆಯಾಗಬೇಕು, ಹನಿ ಬೀಳಬಾರದು. ಕತ್ತಲಲ್ಲಿ 18 ದಿನಕ್ಕೆ ಚೀಲವೆಲ್ಲ ಬೆಳ್ಳಗಾಯ್ತು. ಚೀಲ ಸೀಳಿ ಬೆಳಕಿಗಿಟ್ಟೆ. ನಾನು ಆಫೀಸಿಗೆ ಹೋದಾಗ ನೀರು ಚಿಮುಕಿಸ್ತಿದ್ದದ್ದು ಅಮ್ಮನೇ ಅಂತ ಆಮೇಲೆ ಗೊತ್ತಾಯ್ತು.

ಮೊದಲ ಗೊಂಚಲನ್ನ ಅವಳೇ ಕಿತ್ತು, ಕೈಯಲ್ಲೇ ಸಿಗಿದು, ಕೊತ್ತಂಬರಿ, ಮೆಣಸು, ಕಾಯಿ ಹುರಿದು ರುಬ್ಬಿ ಸಾರು ಮಾಡಿದಳು.

"ನಿಮ್ಮಪ್ಪ ತರ್ತಿದ್ದ ಅಣಬೆ ಹಾಗಿಲ್ಲ" ಅಂದಳು. ಅನ್ನಕ್ಕೆ ಇನ್ನೊಂದು ಸೌಟು ಬಡಿಸಿಕೊಂಡಳು.

ಬೇಸಿಗೆಯ ಸೆಖೆಗೆ ಹಾಲಣಬೆ ಚೆನ್ನಾಗಿ ಬರುತ್ತೆ ಅಂದಿದ್ದೆ. ಅದರ ಬೀಜ ಯಾವಾಗ ತರ್ತೀಯ ಅಂತ ನಿನ್ನೆಯಿಂದ ಕೇಳ್ತಿದ್ದಾಳೆ.